ಬೀಟಲ್ಸ್ ಮುಖ ತೋರಿಸದೆ ಬೀಟಲ್ಸ್ ಸಿನಿಮಾ ಮಾಡಿದ್ದು ಹೇಗೆ?

(ಕಪ್ಪು ತೆರೆ. ಹುಡುಗಿಯರ ಕಿರುಚಾಟ ಮಾತ್ರ ಕೇಳುತ್ತದೆ.)

ನ್ಯೂಯಾರ್ಕಿನ ಒಂದು ದೊಡ್ಡ ಹೋಟೆಲ್. ಮಂಚದ ಕೆಳಗೆ ಒಬ್ಬಳು ಹುಡುಗಿ ಉಸಿರು ಬಿಗಿಹಿಡಿದು ಮಲಗಿದ್ದಾಳೆ. ಬಾಗಿಲು ತೆರೆಯುತ್ತದೆ. ಯಾರೋ ಮಾತಾಡಿಕೊಂಡು ಒಳಗೆ ಬರುತ್ತಾರೆ. ಅವಳಿಗೆ ಕಾಣುವುದು ಬೂಟು, ಪ್ಯಾಂಟಿನ ಅಂಚು, ಅಷ್ಟೇ. ನಮಗೂ ಅಷ್ಟೇ. ಆದರೆ ಅವಳ ಮುಖ ನೋಡಿ. ಆ ಬೂಟು ಯಾರದ್ದು ಅಂತ ಬೇರೆ ಯಾರೂ ಹೇಳಬೇಕಾಗಿಲ್ಲ.

(ಟೈಟಲ್ ಕಾರ್ಡ್)

ನಮಸ್ಕಾರ. 'ಬ್ಯಾಕ್ ಟು ದಿ ಫ್ಯೂಚರ್' ನೀವೆಲ್ಲ ನೋಡಿರುತ್ತೀರಿ. ಅದರ ನಿರ್ದೇಶಕ ರಾಬರ್ಟ್ ಝೆಮೆಕಿಸ್. ಇವರ ಮೊದಲ ಸಿನಿಮಾ ಯಾವುದು ಅಂತ ಸುಮ್ನೆ ಹುಡುಕಲು ಹೋದೆ. ಸಿಕ್ಕಿದ್ದು 1978ರ 'ಐ ವಾನ್ನ ಹೋಲ್ಡ್ ಯುವರ್ ಹ್ಯಾಂಡ್'. ಬೀಟಲ್ಸ್ ಅಂದರೆ ಅರವತ್ತರ ದಶಕದಲ್ಲಿ ಜಗತ್ತನ್ನೇ ಕುಣಿಸಿದ ಇಂಗ್ಲೆಂಡಿನ ಹಾಡುಗಾರರ ತಂಡ. ಅವರ ಹುಚ್ಚು ಹಿಡಿದ ಹದಿಹರೆಯದವರ ಕಾಮಿಡಿ ಇದು. ನೋಡಿ ಮುಗಿಸಿದ ಮೇಲೆ ತಲೆಯಲ್ಲಿ ಒಂದೇ ಪ್ರಶ್ನೆ: ಇದರಲ್ಲಿ ಬೀಟಲ್ಸ್ ಎಲ್ಲಿದ್ದರು?

ಹಿನ್ನೆಲೆಯನ್ನು ಓಡಿಸಿಕೊಂಡು ಹೇಳಿಬಿಡುತ್ತೇನೆ. 1964ರ ಫೆಬ್ರವರಿ 7. ಇಂಗ್ಲೆಂಡಿನ ಲಿವರ್‌ಪೂಲಿನ ಈ ನಾಲ್ಕು ಹುಡುಗರು, ಅಂದರೆ ಬೀಟಲ್ಸ್, ಒಟ್ಟಾಗಿ ಮೊದಲ ಸಲ ನ್ಯೂಯಾರ್ಕಿಗೆ ಬಂದಿಳಿಯುತ್ತಾರೆ. ಎರಡೇ ದಿನಕ್ಕೆ, ಭಾನುವಾರ ರಾತ್ರಿ, ಟಿವಿಯಲ್ಲಿ ಅಮೆರಿಕದ ಜನಪ್ರಿಯ ಮನರಂಜನಾ ಕಾರ್ಯಕ್ರಮ ಎಡ್ ಸಲಿವನ್ ಶೋ. ನೇರ ಪ್ರಸಾರ. ಸ್ಟುಡಿಯೋದಲ್ಲಿ ಇದ್ದದ್ದು 728 ಸೀಟು. ಟಿಕೆಟ್ ಕೇಳಿದವರು ಸುಮಾರು 50,000. ಮನೆಯಲ್ಲಿ ಕೂತು ನೋಡಿದವರು 7 ಕೋಟಿ 30 ಲಕ್ಷ.

ಆ 728 ಸೀಟಿನಲ್ಲಿ ಹೇಗಾದರೂ ಮಾಡಿ ಒಂದು ಹಿಡಿಯಬೇಕು. ಕಥೆ ಇಷ್ಟೇ. ನ್ಯೂಜೆರ್ಸಿಯಿಂದ ಒಂದು ಗುಂಪು ಹೊರಡುತ್ತದೆ. ರೋಸಿಗೆ ಬೀಟಲ್ಸ್ ನಾಲ್ವರಲ್ಲಿ ಪಾಲ್ ಅಂದರೆ ಪ್ರಾಣ. ಗ್ರೇಸ್‌ಗೆ ಹೇಗಾದರೂ ಬೀಟಲ್ಸ್ ಫೋಟೋ ತೆಗೆಯಬೇಕು, ಅದರಿಂದ ಹೆಸರು ಮಾಡಬೇಕು. ಪ್ಯಾಮ್‌ಗೆ ಮದುವೆ ಹತ್ತಿರ ಬಂದಿದೆ, ಮಂಚದ ಕೆಳಗೆ ಸೇರಿಕೊಂಡವಳು ಇವಳೇ. ಜಾನಿಸ್‌ಗೆ ಬೀಟಲ್ಸ್ ಕಂಡರೇ ಆಗದು, ಅವಳು ಪ್ರತಿಭಟನೆ ಮಾಡಲು ಬರುತ್ತಾಳೆ. ಇವರನ್ನೆಲ್ಲ ಕರೆದುಕೊಂಡು ಹೋಗಲು ಕಾರು ಬೇಕಲ್ಲ? ಲ್ಯಾರಿ ಅನ್ನುವ ಪಾಪದ ಹುಡುಗ ಇದ್ದಾನೆ. ಅವನ ಅಪ್ಪನದ್ದು ಅಂತ್ಯಸಂಸ್ಕಾರ ಮಾಡಿಸುವ ವ್ಯವಹಾರ, ಹಾಗಾಗಿ ಮನೆಯಲ್ಲಿ ಉದ್ದನೆಯ ಲಿಮೋಸಿನ್ ಇದೆ. ಹೆಣದ ಮನೆಯವರು ಕೂರುವ ಕಾರಿನಲ್ಲಿ ಇವರು ಬೀಟಲ್ಸ್ ನೋಡಲು ಹೊರಟರು!

ಈಗ ವಿಷಯಕ್ಕೆ ಬರೋಣ.

ಝೆಮೆಕಿಸ್ ಮತ್ತು ಅವರ ಕಾಲೇಜು ಗೆಳೆಯ ಬಾಬ್ ಗೇಲ್ ಸೇರಿ ಇದನ್ನು ಬರೆದಾಗ ಬೀಟಲ್ಸ್ ಬೇರೆಯಾಗಿ ವರ್ಷಗಳೇ ಆಗಿದ್ದವು. ನಾಲ್ವರಲ್ಲಿ ಒಬ್ಬರಾದ ಜಾನ್ ಲೆನನ್ ಆಗ ಇನ್ನೂ ಬದುಕಿದ್ದರು. ಆದರೆ ನಾಲ್ವರನ್ನೂ ಕರೆತಂದು ಹದಿನಾಲ್ಕು ವರ್ಷ ಚಿಕ್ಕವರನ್ನಾಗಿ ಮಾಡುವುದು ಆಗದ ಮಾತು. ಅವರ ಹಾಗೆ ಕಾಣುವ ನಟರನ್ನು ಹಾಕಿ ಹತ್ತಿರದಿಂದ ತೋರಿಸಿದರೆ? ಪ್ರೇಕ್ಷಕ ಮೊದಲ ಸೆಕೆಂಡಿನಲ್ಲೇ 'ಇದು ಡೂಪು' ಅನ್ನುತ್ತಾನೆ. ಜಗತ್ತಿಗೇ ಗೊತ್ತಿರುವ ಮುಖಗಳು ಅವು.

ಹಾಗಾದರೆ ಮುಖವೇ ಬೇಡ. ಬೆನ್ನು ಇರಲಿ, ಬೂಟು ಇರಲಿ, ಲಿವರ್‌ಪೂಲ್ ಧಾಟಿಯ ದನಿ ಇರಲಿ. ಹಾಡುಗಳು ಮಾತ್ರ ಅಸಲಿ. ಒಂದೆರಡಲ್ಲ, ಬೀಟಲ್ಸ್ ಧ್ವನಿಯಲ್ಲೇ ಹದಿನೇಳು ಹಾಡು.

ಇಲ್ಲಿ ಒಂದು ನಿಮಿಷ ನಿಲ್ಲುತ್ತೇನೆ. ಜಾತ್ರೆಯಲ್ಲಿ ತೇರು ಎಳೆಯುವುದನ್ನು ನೋಡಿದ್ದೀರಲ್ಲ? ನಾನು ಚಿಕ್ಕವನಿದ್ದಾಗ ಅಜ್ಜನ ಹೆಗಲ ಮೇಲೆ ಕೂತು ನೋಡುತ್ತಿದ್ದೆ. ನಿಜ ಹೇಳುತ್ತೇನೆ, ಒಂದು ವರ್ಷವೂ ದೇವರು ಕಾಣಿಸಿದ್ದಿಲ್ಲ. ಅಷ್ಟು ಎತ್ತರದಲ್ಲಿ, ಹೂವಿನ ರಾಶಿಯ ಒಳಗೆ ಎಲ್ಲೋ ಇರುತ್ತಿತ್ತು ಉತ್ಸವಮೂರ್ತಿ. ಕಾಣುತ್ತಿದ್ದದ್ದು ಜನ. ಹಗ್ಗ ಹಿಡಿದವರ ಕೈ. ದವನ ಸಿಕ್ಕಿಸಿದ ಬಾಳೆಹಣ್ಣನ್ನು ಗುರಿಯಿಟ್ಟು ಎಸೆಯುವ ಹೆಂಗಸರು. ಆ ಹಣ್ಣು ತಾಗದೆ ವಾಪಸ್ ಬಂದು ಯಾರದ್ದೋ ತಲೆ ಮೇಲೆ ಬೀಳುವುದು. (ನಮ್ಮ ಅಜ್ಜನ ತಲೆ ಮೇಲೆ ಎರಡು ಸಲ.) ತೇರು ಎಲ್ಲಿಗೆ ಬಂತು ಅಂತ ತಿಳಿಯಲು ನಾನು ತೇರನ್ನು ನೋಡುತ್ತಿರಲಿಲ್ಲ, ಮುಂದಿನವರ ಮುಖ ನೋಡುತ್ತಿದ್ದೆ. ಮುಖ ಅರಳಿತು ಅಂದರೆ ಬಂತು ಅಂತ.

ಈ ಸಿನಿಮಾದಲ್ಲೂ ಕ್ಯಾಮೆರಾ ಇಡೀ ಹೊತ್ತು ಹಗ್ಗ ಹಿಡಿದವರ ಕಡೆಗೇ ತಿರುಗಿದೆ.

(ತೆರೆಯ ಮೇಲೆ: ಸ್ಟುಡಿಯೋದ ಒಳಗಿನ ನಕ್ಷೆ)

ಆದರೆ ಕೊನೆಗೆ ಶೋ ತೋರಿಸಲೇಬೇಕಲ್ಲ? ಇಷ್ಟು ಹೊತ್ತು ಕಾಯಿಸಿ, ಬಾಗಿಲ ಹೊರಗೇ ಕಥೆ ಮುಗಿಸಿದರೆ ಜನ ಬಿಡುತ್ತಾರಾ? ನನಗೆ ಇಡೀ ಸಿನಿಮಾದಲ್ಲಿ ಜಾಸ್ತಿ ಇಷ್ಟವಾದದ್ದು ಇಲ್ಲಿಯ ಉಪಾಯ. ಫ್ರೇಮಿನ ಮುಂಭಾಗದಲ್ಲಿ ಟಿವಿ ಸ್ಟುಡಿಯೋದ ದೊಡ್ಡ ಕ್ಯಾಮೆರಾ. ಅದರ ಹಿಂಬದಿಯಲ್ಲಿ ಪುಟ್ಟ ಮಾನಿಟರ್. ಆ ಮಾನಿಟರಿನಲ್ಲಿ ಓಡುತ್ತಿರುವುದು 1964ರ ಅಸಲಿ ಪ್ರಸಾರ, ಅಸಲಿ ಬೀಟಲ್ಸ್, ಕಪ್ಪುಬಿಳುಪಿನಲ್ಲಿ. ದೂರದ ವೇದಿಕೆ ಮೇಲೆ, ಮಸುಕಾಗಿ, ಅದೇ ತಾಳಕ್ಕೆ ತಲೆ ಆಡಿಸುವ ನಾಲ್ವರು ಡೂಪುಗಳು. ನಮ್ಮ ಕಣ್ಣು ಚಿಕ್ಕ ಪರದೆಯಲ್ಲಿ ಮುಖ ನೋಡುತ್ತದೆ, ದೊಡ್ಡ ವೇದಿಕೆಯಲ್ಲಿ ಮೈ ನೋಡುತ್ತದೆ, ಎರಡನ್ನೂ ತಾನೇ ಜೋಡಿಸಿಕೊಳ್ಳುತ್ತದೆ. ಇವತ್ತಿನ ಯಾವ ಗ್ರಾಫಿಕ್ಸೂ ಇಲ್ಲ. ಇಟ್ಟಿದ್ದು ಒಂದು ಮಾನಿಟರ್, ಉಳಿದ ಕೆಲಸ ಮಾಡಿದ್ದು ನಾವು!

ಆ ಅಸಲಿ ಪ್ರಸಾರದ ಒಂದು ತುಣುಕು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಎರಡನೇ ಹಾಡು ನಡೆಯುವಾಗ ಒಬ್ಬೊಬ್ಬರ ಮುಖದ ಕೆಳಗೂ ಹೆಸರು ಬಂತು. ಪಾಲ್. ರಿಂಗೋ. ಜಾರ್ಜ್. ಜಾನ್ ಸರದಿ ಬಂದಾಗ ಹೆಸರಿನ ಕೆಳಗೆ ಇನ್ನೊಂದು ಸಾಲು: 'ಸಾರಿ ಗರ್ಲ್ಸ್, ಹಿ ಈಸ್ ಮ್ಯಾರೀಡ್'. ಕ್ಷಮಿಸಿ ಹುಡುಗಿಯರೇ, ಇವರಿಗೆ ಮದುವೆಯಾಗಿದೆ! ಕೋಟಿಗಟ್ಟಲೆ ಜನ ನೋಡುತ್ತಿರುವಾಗ ನೇರ ಪ್ರಸಾರದಲ್ಲಿ ಹೀಗೆ ಹಾಕಿದವರಿಗೆ ಅಭಿಮಾನಿಗಳ ಮನಸ್ಸು ಚೆನ್ನಾಗಿ ಗೊತ್ತಿತ್ತು. ಅಥವಾ ಏನೇನೂ ಗೊತ್ತಿರಲಿಲ್ಲ. ಎಷ್ಟು ಸಲ ನೋಡಿದರೂ ನನಗೆ ತೀರ್ಮಾನ ಮಾಡಲು ಆಗಿಲ್ಲ.

ಅಂದಹಾಗೆ, ಹುಡುಗಿಯರ ಕಿರುಚಾಟ ಕಂಡು ನಗುವುದು ಸುಲಭ. ಕ್ರಿಕೆಟ್ ಮ್ಯಾಚಿನಲ್ಲಿ ಗಂಡಸರು ಕಿರುಚಿದರೆ ಅದು ಅಭಿಮಾನ, ಹುಡುಗಿಯರು ಕಿರುಚಿದರೆ ಹುಚ್ಚು, ಅಲ್ವಾ? ಈ ಸಿನಿಮಾ ಅವರ ಜೊತೆ ನಗುತ್ತದೆ, ಅವರನ್ನು ನೋಡಿ ನಗುವುದು ಕಡಿಮೆ. ಕಡಿಮೆ ಅಂದೆ, ಇಲ್ಲವೇ ಇಲ್ಲ ಅನ್ನಲಿಲ್ಲ. ಪ್ಯಾಮ್ ಬೀಟಲ್ಸ್ ಗಿಟಾರನ್ನು ಸವರುವ ದೃಶ್ಯವನ್ನು ಮನೆಯವರ ಜೊತೆ ಕೂತು ನೋಡಬೇಡಿ.

(ಎಡಿಟರ್ ಕೈಗಡಿಯಾರ ತೋರಿಸುವ ಶಾಟ್)

ಟೈಮ್ ಆಗುತ್ತಿದೆಯಂತೆ. ಉಳಿದದ್ದನ್ನು ಒಟ್ಟಿಗೆ ಹೇಳುತ್ತೇನೆ. ಹೊಸ ನಿರ್ದೇಶಕನನ್ನು ನಂಬಿ ದುಡ್ಡು ಹಾಕಲು ಯೂನಿವರ್ಸಲ್ ಸ್ಟುಡಿಯೋ ಹಿಂದೆಮುಂದೆ ನೋಡಿತು. ಆಗ ಜಾಮೀನು ನಿಂತವರು ನಿರ್ದೇಶಕ ಸ್ಟೀವನ್ ಸ್ಪಿಲ್‌ಬರ್ಗ್. ಹುಡುಗ ಕೆಲಸ ಕೆಡಿಸಿದರೆ ನಾನೇ ಬಂದು ನಿರ್ದೇಶನ ಮಾಡುತ್ತೇನೆ ಅಂತ ಮಾತು ಕೊಟ್ಟರು. ಹಾಗಾಗುವ ಸಂದರ್ಭ ಬರಲಿಲ್ಲ. ಬಿಡುಗಡೆಗೆ ಮುಂಚಿನ ಪ್ರದರ್ಶನದಲ್ಲಿ ಜನ ಕುಣಿದಾಡಿದರು. ಬಿಡುಗಡೆಯಾದ ಮೇಲೆ ಥಿಯೇಟರಿಗೆ ಜನವೇ ಬರಲಿಲ್ಲ. ಅಭಿಮಾನಿಗಳ ಮೇಲೆ ಮಾಡಿದ ಸಿನಿಮಾಕ್ಕೆ ಅಭಿಮಾನಿಗಳೇ ಇಲ್ಲ! 2019ರಲ್ಲಿ, ಒಳ್ಳೆಯ ಸಿನಿಮಾಗಳನ್ನು ಆರಿಸಿ ಡಿಸ್ಕಿನಲ್ಲಿ ತರುವ ಕ್ರೈಟೀರಿಯನ್ ಸಂಸ್ಥೆ ಇದರ ಡಿಸ್ಕ್ ಹೊರತಂದಿತು, ಈಗ ಹುಡುಕಿದರೆ ಸಿಗುತ್ತದೆ.

ಕೊನೆಯದಾಗಿ, 'ಬ್ಯಾಕ್ ಟು ದಿ ಫ್ಯೂಚರ್' ಪ್ರಿಯರಿಗೆ. ಲಿಮೋಸಿನ್ ಹುಡುಗ ಲ್ಯಾರಿ ಮತ್ತು ಪಾಲ್ ಹುಚ್ಚಿನ ರೋಸಿ ಯಾರು ಗೊತ್ತಾ? ಮಾರ್ಕ್ ಮ್ಯಾಕ್‌ಕ್ಲೂರ್, ವೆಂಡಿ ಜೋ ಸ್ಪರ್ಬರ್. ಏಳು ವರ್ಷದ ನಂತರ ಆ ಸಿನಿಮಾದ ನಾಯಕ ಮಾರ್ಟಿಯ ಅಣ್ಣನಾಗಿ, ಅಕ್ಕನಾಗಿ ಬಂದವರು ಇವರೇ. ಇನ್ನೊಂದು ಇದೆ. ಬೀಟಲ್ಸ್ ಕಂಡರೆ ಉರಿದುಬೀಳುವ ಟೋನಿ ಅಂತ ಒಬ್ಬ ಇದ್ದಾನೆ. ಪ್ರಸಾರವನ್ನೇ ನಿಲ್ಲಿಸುತ್ತೇನೆ ಅಂತ ಕೊಡಲಿ ಹಿಡಿದು ಕಟ್ಟಡದ ನೆತ್ತಿಗೆ ಹತ್ತುತ್ತಾನೆ. ಆಂಟೆನಾ ಕಡಿಯಲು ಕೊಡಲಿ ಎತ್ತುತ್ತಾನೆ.

ಆಗ ಸಿಡಿಲು ಬಡಿಯುತ್ತದೆ.

('ಬ್ಯಾಕ್ ಟು ದಿ ಫ್ಯೂಚರ್'ನಲ್ಲಿ ಸಿಡಿಲು ಬಡಿಯುವ ಗಡಿಯಾರ ಗೋಪುರದ ಚಿತ್ರ. ಎರಡು ಸೆಕೆಂಡ್. ಕಪ್ಪು ತೆರೆ.)