ಡಬ್ಬಿಯ ಚೀಟಿ, ಚೆಂಡಿನ ಮೈ

ಕೇಳುಗರೆಲ್ಲರಿಗೂ ನಮಸ್ಕಾರ.

ಹತ್ತಿರದಲ್ಲಿ ರಟ್ಟಿನ ಪೆಟ್ಟಿಗೆಯೊಂದಿದ್ದರೆ ಕೈಗೆ ತೆಗೆದುಕೊಳ್ಳಿ. ಅಂಟಿಸಿದ ಅಂಚುಗಳನ್ನು ಮೆಲ್ಲಗೆ ಬಿಡಿಸಿ ನೆಲದ ಮೇಲೆ ಹರಡಿ. ಅಂಟಿಗೆಂದು ಬಿಟ್ಟ ಮಡಿಕೆಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಉಳಿದದ್ದು ಆರು ಆಯತ. ಆರರ ವಿಸ್ತೀರ್ಣವನ್ನೂ ಕೂಡಿದರೆ ಪೆಟ್ಟಿಗೆಯ ಮೇಲ್ಮೈ ವಿಸ್ತೀರ್ಣ ಬಂತು. ಎದುರುಬದುರಿನ ಮುಖಗಳು ಒಂದೇ ಅಳತೆಯವು, ಹಾಗಾಗಿ ಮೂರನ್ನು ಅಳೆದು ಇಮ್ಮಡಿ ಮಾಡಿದರೂ ಆಯಿತು. ಒಳಗೆ ಎಷ್ಟು ಹಿಡಿಯುತ್ತದೆ ಎನ್ನುವುದು ಘನಫಲ. ಮೈ ಮುಚ್ಚಲು ಎಷ್ಟು ಕಾಗದ ಬೇಕು ಎನ್ನುವುದು ಮೇಲ್ಮೈ ವಿಸ್ತೀರ್ಣ. ಪೆಟ್ಟಿಗೆಯನ್ನು ಒಮ್ಮೆ ತನ್ನ ಕೈಯಾರೆ ಬಿಚ್ಚಿ ನೋಡಿದ ಮಗು ಇವೆರಡನ್ನು ಮತ್ತೆ ಕಲಸಿಕೊಳ್ಳಲಾರದು ಎಂದೇ ನನ್ನ ನಂಬಿಕೆ.

ಇನ್ನು ಸಿಲಿಂಡರ್. ದುಂಡು ಡಬ್ಬಿಗೆ ಸುತ್ತಿದ ಚೀಟಿಯನ್ನು ಮೇಲಿಂದ ಕೆಳಕ್ಕೆ ನೇರವಾಗಿ ಕತ್ತರಿಸಿ ಬಿಡಿಸಿ. ಅದೂ ಆಯತವೇ! ಉದ್ದ ಡಬ್ಬಿಯ ಪರಿಧಿ, ಅಗಲ ಡಬ್ಬಿಯ ಎತ್ತರ. ತ್ರಿಜ್ಯ 7 ಸೆಂಟಿಮೀಟರ್, ಎತ್ತರ 14 ಅಂತ ಇಟ್ಟುಕೊಳ್ಳೋಣ. ಪೈ ಬೆಲೆ 22/7 ಎಂದು ಹಿಡಿದರೆ ಪರಿಧಿ 44. ಅದನ್ನು 14ರಿಂದ ಗುಣಿಸಿದರೆ 616 ಚದರ ಸೆಂಟಿಮೀಟರ್. ಇದು ಬರೀ ಸುತ್ತಿನ ಮೈ. ತಳದ ವೃತ್ತ 154, ಮುಚ್ಚಳದ್ದೂ 154. ಸುತ್ತಿನ ಮೈಗೆ ಇವೆರಡೂ ಸೇರಿದರೆ 924. ಮುಚ್ಚಳ ಇಲ್ಲದ ಡಬ್ಬಿಯಾದರೆ 770 ಅಷ್ಟೇ. ಸೂತ್ರಕ್ಕೆ ಕೈಹಾಕುವ ಮೊದಲು ಯಾವ ಮುಖ ಇದೆ, ಯಾವುದು ಇಲ್ಲ ಎಂದು ನೋಡಿಕೊಳ್ಳಿ.

ಚೆಂಡು ಮಾತ್ರ ಹೀಗೆ ಬಿಚ್ಚಿಕೊಳ್ಳುವುದಿಲ್ಲ. ಹರಿಯದೆ, ಸುಕ್ಕುಗಟ್ಟದೆ ಅದರ ಮೈ ಚಪ್ಪಟೆಯಾಗದು. ಅದೇ ಡಬ್ಬಿಯೊಳಗೆ ಸುತ್ತಲೂ ತಾಗಿ, ತಳಕ್ಕೂ ಮುಚ್ಚಳಕ್ಕೂ ತಾಗಿ ಕೂರುವ ಚೆಂಡೊಂದನ್ನು ನೆನೆದುಕೊಳ್ಳಿ. ಅದರ ಮೇಲ್ಮೈ ಎಷ್ಟು? ಅದೇ 616. ನಾವು ಈಗ ಬಿಡಿಸಿದ ಚೀಟಿಯಷ್ಟೇ, ಒಂದು ಕೂದಲೆಳೆಯೂ ಹೆಚ್ಚುಕಡಿಮೆ ಇಲ್ಲ. ಎಷ್ಟು ಸಲ ಲೆಕ್ಕ ಹಾಕಿದರೂ ನನಗೆ ಇದರ ಬೆರಗು ತೀರಿಲ್ಲ.

ಇದನ್ನು ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಸಾಧಿಸಿ ತೋರಿಸಿದವನು ಗ್ರೀಕ್ ಗಣಿತಜ್ಞ ಆರ್ಕಿಮಿಡೀಸ್. ನಮ್ಮ ಭಾಸ್ಕರಾಚಾರ್ಯರು 1150ರ ‘ಲೀಲಾವತಿ’ ಎಂಬ ಗಣಿತಗ್ರಂಥದಲ್ಲಿ, ಚೆಂಡಿನ ಮೇಲ್ಮೈ ಬೇಕಾದರೆ ಅದರಷ್ಟೇ ಅಗಲದ ವೃತ್ತದ ಕ್ಷೇತ್ರಫಲವನ್ನು ನಾಲ್ಕರಿಂದ ಗುಣಿಸಿರಿ ಎನ್ನುತ್ತಾರೆ, ಚೆಂಡಿಗೆ ಹೊದಿಸಿದ ಬಲೆಯ ಹೋಲಿಕೆ ಕೊಡುತ್ತಾರೆ. 154ರ ನಾಲ್ಕು ಪಟ್ಟು, ಮತ್ತೆ 616.

ಆರ್ಕಿಮಿಡೀಸನ ಸಮಾಧಿಯ ಮೇಲೆ ಗೋಳವನ್ನೂ ಸಿಲಿಂಡರನ್ನೂ ಇರಿಸಿದ್ದರು. ಕ್ರಿಸ್ತಪೂರ್ವ 75ರಲ್ಲಿ ರೋಮಿನ ವಾಗ್ಮಿ ಸಿಸೆರೊ ಆರ್ಕಿಮಿಡೀಸನ ಊರಾದ ಸಿರಾಕ್ಯೂಸಿಗೆ ಹೋದಾಗ ಸಮಾಧಿ ಮುಳ್ಳುಪೊದೆಯಲ್ಲಿ ಮುಚ್ಚಿಹೋಗಿತ್ತು. ಪೊದೆಯ ಮೇಲೆ ತುಸುವೇ ತಲೆಯೆತ್ತಿದ್ದ ಆ ಎರಡು ಆಕೃತಿಗಳನ್ನು ನೋಡಿ, ಇದು ಅವನದೇ ಎಂದು ಸಿಸೆರೊ ಗುರುತು ಹಿಡಿದ.