ಬಸುರಿಯ ವಯಸ್ಸು ಮುಚ್ಚಿಡಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ತಾಯಿ ಕಾರ್ಡ್ ಮಾಡಿಸುವಾಗ ಬಸುರಿಯ ವಯಸ್ಸು ಕೇಳುತ್ತಾರೆ. ಎಷ್ಟೋ ಸಲ ಉತ್ತರ ಹುಡುಗಿಯ ಬಾಯಿಂದ ಬರುವುದಿಲ್ಲ. ಪಕ್ಕದಲ್ಲಿ ನಿಂತ ಅತ್ತೆಯೋ ಅವ್ವನೋ "ಹತ್ತೊಂಬತ್ತು ಅಂತ ಬರ್ಕೊಳ್ಳಿ" ಅನ್ನುತ್ತಾರೆ. ಅವಳಿಗೆ ಇನ್ನೂ ಹದಿನಾರೋ ಹದಿನೇಳೋ ಆಗಿರುತ್ತದೆ. ಈ ಸುಳ್ಳಿನ ಪೆಟ್ಟು ಬೀಳುವುದು ಅವಳಿಗೆ, ಅವಳ ಮಗುವಿಗೆ.

ಇದು ಎಲ್ಲೋ ಅಪರೂಪಕ್ಕೆ ನಡೆಯುವ ಮಾತಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ 20ರಿಂದ 24 ವರ್ಷದ ಹೆಣ್ಣುಮಕ್ಕಳ ಲೆಕ್ಕ ಇದೆ. ಅವರಲ್ಲಿ ನೂರಕ್ಕೆ 21 ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಬಾಲ್ಯವಿವಾಹ ನಿಷೇಧ ಕಾಯ್ದೆ ಬಂದದ್ದು 2006ರಲ್ಲಿ!

ಮೈನೆರೆದಳು ಅಂದರೆ ಹೆರಲು ತಯಾರಾದಳು ಅಂದುಕೊಳ್ಳುತ್ತೇವೆ, ಅಲ್ವಾ? ಆದರೆ ಮುಟ್ಟು ಶುರುವಾದ ಮೇಲೂ ಕೆಲವು ವರ್ಷ ಸೊಂಟದ ಮೂಳೆ ಬೆಳೆಯುತ್ತಲೇ ಇರುತ್ತದೆ. ತೀರಾ ಚಿಕ್ಕ ಹುಡುಗಿಗೆ ದಾರಿ ಇಕ್ಕಟ್ಟು. ಮಗುವಿನ ತಲೆ ಸಿಕ್ಕಿಕೊಂಡರೆ ಹೆರಿಗೆ ಗಂಟೆಗಟ್ಟಲೆ ಎಳೆಯುತ್ತದೆ, ಮಗುವಿಗೆ ಉಸಿರು ಕಟ್ಟುತ್ತದೆ.

ಇದರ ಮೇಲೆ ರಕ್ತಹೀನತೆ. ಅದೇ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 19ರ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತ ಕಡಿಮೆ. ಬಸುರಿಗೆ ಹಿಮೋಗ್ಲೋಬಿನ್ 11 ಗ್ರಾಂ ಆದರೂ ಇರಬೇಕು. 7ಕ್ಕಿಂತ ಇಳಿದವಳು ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೋದರೂ ತಡೆದುಕೊಳ್ಳಲಾರಳು. ಕಬ್ಬಿಣದ ಮಾತ್ರೆಯನ್ನು ದಿನಕ್ಕೊಂದರಂತೆ 180 ದಿನ ಕೊಡುತ್ತಾರೆ. ಮಾತ್ರೆ ತಿಂದರೆ ಮಗು ಕಪ್ಪಾಗುತ್ತದೆ ಅನ್ನುವವರಿದ್ದಾರೆ. ಕಪ್ಪಾಗುವುದು ಮಲ ಮಾತ್ರ, ಅದರಿಂದ ತೊಂದರೆಯಿಲ್ಲ. ಮಾತ್ರೆಯನ್ನು ಟೀ ಜೊತೆ ನುಂಗಬೇಡಿ. ಊಟ ಜಾಸ್ತಿ ಮಾಡಿದರೆ ಮಗು ದಪ್ಪವಾಗಿ ಹೆರಿಗೆ ಕಷ್ಟ ಅನ್ನುವ ಮಾತೂ ಉಂಟು. ಇವಳೇ ಇನ್ನೂ ಬೆಳೆಯುವ ಹುಡುಗಿ. ಒಂದೇ ತಟ್ಟೆಯ ಅನ್ನ ಎರಡು ಬೆಳೆಯುವ ಜೀವಗಳಿಗೆ ಹಂಚಿಹೋಗುತ್ತಿರುವಾಗ ಅದನ್ನೂ ಕಡಿಮೆ ಮಾಡುವುದೆಂದರೆ ಏನು ಹೇಳೋಣ?

ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸುವುದು ಬಿಪಿ. ಚೊಚ್ಚಲ ಬಸುರಿಯರಲ್ಲಿ, ಅದರಲ್ಲೂ ಹದಿಹರೆಯದವರಲ್ಲಿ, ಅದು ಏರಿ ಫಿಟ್ಸ್ ಬರುವ ಅಪಾಯ ಜಾಸ್ತಿ. ಮುಖ, ಕೈ ಊದಿಕೊಳ್ಳುವುದು, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಎದೆಗುಂಡಿಯ ಕೆಳಗೆ ನೋವು. ಇವು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ಫಿಟ್ಸ್ ಬಂದವಳಿಗೆ ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸುತ್ತಾ ಕೂತರೆ ತಾಯಿ, ಮಗು ಇಬ್ಬರೂ ಹೋಗಬಹುದು. 108ಕ್ಕೆ ಫೋನ್ ಮಾಡಿ. ಮ್ಯಾಗ್ನೀಸಿಯಂ ಇಂಜೆಕ್ಷನ್ನಿಗೆ ಫಿಟ್ಸ್ ತಡೆಯುವ ಶಕ್ತಿ ಇದೆ.

ಇನ್ನು ಮಗುವಿನ ಮಾತು. ಇಂಥ ತಾಯಂದಿರ ಮಕ್ಕಳು 37 ವಾರ ತುಂಬುವ ಮೊದಲೇ ಹುಟ್ಟುವುದು, ಎರಡೂವರೆ ಕಿಲೋಗಿಂತ ಕಡಿಮೆ ತೂಗುವುದು ಹೆಚ್ಚು. ಚರ್ಮದ ಕೆಳಗೆ ಕೊಬ್ಬಿಲ್ಲದ ಮಗು ಬೇಗ ತಣ್ಣಗಾಗುತ್ತದೆ. ತಣ್ಣಗಾದರೆ ಹಾಲು ಚೀಪುವುದಿಲ್ಲ, ಚೀಪದಿದ್ದರೆ ರಕ್ತದಲ್ಲಿ ಸಕ್ಕರೆ ಇಳಿಯುತ್ತದೆ. ತೀರಾ ಮುಂಚೆ ಹುಟ್ಟಿದ್ದರೆ ಶ್ವಾಸಕೋಶವೇ ಬಲಿತಿರುವುದಿಲ್ಲ. ಇಂಥ ಮಗುವಿಗೆ ಎಣ್ಣೆ ಹಚ್ಚಿ ನೀರು ಹುಯ್ದು ಸಾಂಬ್ರಾಣಿ ಹೊಗೆ ಹಿಡಿಯುವ ಅಜ್ಜಿಯರೇ, ದಯವಿಟ್ಟು ತಡೆಯಿರಿ. ತೂಕ ಬರುವ ತನಕ ಸ್ನಾನ ಬೇಡ, ಹೊಗೆ ಬೇಡವೇ ಬೇಡ. ಜೇನು, ಬಜೆ ತೇಯ್ದು ನೆಕ್ಕಿಸುವುದೂ ಬೇಡ. ತಾಯಿಯ ಬರಿ ಎದೆಗೆ ಮಗುವನ್ನು ಅವುಚಿ, ಮೇಲೆ ಬಟ್ಟೆ ಸುತ್ತಿ ಇಡಿ. ಕಾಂಗರೂ ಆರೈಕೆ ಅನ್ನುತ್ತಾರೆ. ತಾಯಿ ಸುಸ್ತಾಗಿದ್ದರೆ ಅಪ್ಪನೂ ಮಾಡಬಹುದು, ನಾಚಿಕೆ ಯಾಕೆ?

ಸರಿ, ವಯಸ್ಸು ಯಾಕೆ ಮುಚ್ಚಿಡುತ್ತಾರೆ? ಕೇಸಿನ ಭಯ. ಅದು ಸುಳ್ಳು ಭಯವಲ್ಲ. ಹದಿನೆಂಟರ ಒಳಗಿನವಳು ಬಸಿರಾದರೆ, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೋ ಕಾಯ್ದೆ ಪ್ರಕಾರ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಲೇಬೇಕು. ಅದಕ್ಕೆ ಹೆದರಿ ಏಳು ತಿಂಗಳವರೆಗೂ ಮನೆಯಲ್ಲೇ ಇಡುತ್ತಾರೆ. ಬಿಪಿ ನೋಡುವ, ಮಾತ್ರೆ ಕೊಟ್ಟು ರಕ್ತ ಹೆಚ್ಚಿಸುವ ತಿಂಗಳುಗಳೆಲ್ಲ ಹಾಗೇ ಕಳೆದುಹೋಗುತ್ತವೆ. ಕೆಲವರು ಕದ್ದು ಗರ್ಭ ತೆಗೆಸಲು ಹೋಗಿ ಪ್ರಾಣಕ್ಕೇ ಕುತ್ತು ತಂದುಕೊಳ್ಳುತ್ತಾರೆ. ಇದಕ್ಕೆ ಸುಪ್ರೀಂ ಕೋರ್ಟ್ 2022ರಲ್ಲೇ ಒಂದು ದಾರಿ ತೋರಿಸಿದೆ. ಕಾನೂನಿನಂತೆ ಗರ್ಭ ತೆಗೆಸಲು ಬಂದ ಅಪ್ರಾಪ್ತೆಯೂ ಅವಳ ಪೋಷಕರೂ ಕೇಳಿಕೊಂಡರೆ, ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ವೈದ್ಯರು ಅವಳ ಹೆಸರು, ಗುರುತು ಹೇಳಬೇಕಾಗಿಲ್ಲ. ಈ ವಿಷಯ ಹಳ್ಳಿಗಳಿಗೆ ಮುಟ್ಟಿದ್ದು ತೀರಾ ಕಡಿಮೆ.

ಮಗು ಬೇಕೆಂದಿದ್ದರೆ ನಿಜವಾದ ವಯಸ್ಸು ಹೇಳಿ ಬೇಗ ಬನ್ನಿ. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. ವಯಸ್ಸು ಗೊತ್ತಾದರೆ ಡಾಕ್ಟರು ಅವಳ ಮೇಲೆ ವಿಶೇಷ ನಿಗಾ ಇಡುತ್ತಾರೆ, ಹೆರಿಗೆಗೆ ದೊಡ್ಡ ಆಸ್ಪತ್ರೆಯನ್ನು ಮೊದಲೇ ಗೊತ್ತುಮಾಡುತ್ತಾರೆ.

ಹೆರಿಗೆಯಾದ ಮೇಲೆ ಇನ್ನೊಂದು ಕೆಲಸ ಉಳಿದಿರುತ್ತದೆ. ಇಪ್ಪತ್ತು ತುಂಬುವುದರೊಳಗೆ ಎರಡನೇ ಬಸಿರು ಬೇಡ. ಬಸಿರು ತಡೆಯಲು ಹೆರಿಗೆಯಾದ ಕೂಡಲೇ ಹಾಕುವ ಕಾಪರ್‌ ಟಿ, ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಇಂಜೆಕ್ಷನ್ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಡುವ ಮುಂಚೆಯೇ ಆಶಾ ಕಾರ್ಯಕರ್ತೆಯನ್ನು ಕೇಳಿ. ನಮಸ್ಕಾರ.