ಮುಂಬೈ ಸುತ್ತೋಕೆ ಜೇಬಿಗಿಂತ ಮೊದಲು ಗಡಿಯಾರ ನೋಡಿ

ನಮಸ್ಕಾರ. "ಐನೂರು ರೂಪಾಯಲ್ಲಿ ಇಡೀ ಮುಂಬೈ" ಅನ್ನೋ ಥರದ ವಿಡಿಯೋಗಳು ನಿಮ್ಮ ಕಣ್ಣಿಗೂ ಬಿದ್ದಿರ್ತವೆ. ಬೆಳಗ್ಗೆ ಒಂದು ವಡಾಪಾವ್, ಮಧ್ಯಾಹ್ನ ಇನ್ನೊಂದು ವಡಾಪಾವ್, ಸಂಜೆ ಗೇಟ್‌ವೇ ಮುಂದೆ ಸೆಲ್ಫಿ, ಮುಗೀತು. ಅದು ಪ್ರವಾಸ ಅಲ್ಲ ಸ್ವಾಮಿ, ಉಪವಾಸ. ಇನ್ನೊಂದು ಕಡೆ ಏರ್‌ಪೋರ್ಟಿಂದಲೇ ಕ್ಯಾಬ್ ಹತ್ತಿ, ದಕ್ಷಿಣ ತುದಿಯ ಕೊಲಾಬಾದಲ್ಲಿ ರೂಮ್ ಮಾಡಿ, ಅರ್ಧ ದಿನ ಟ್ರಾಫಿಕ್ಕಲ್ಲೇ ಕೂತು ವಾಪಸ್ ಬಂದು "ಮುಂಬೈ ನಮ್ಮಂಥೋರಿಗಲ್ಲ ಬಿಡಿ" ಅನ್ನೋರು. ಇಬ್ಬರಿಗೂ ನಾನು ಹೇಳೋದು ಒಂದೇ ಮಾತು. ಆ ಊರಲ್ಲಿ ನಿಮ್ಮ ಖರ್ಚನ್ನ ತೀರ್ಮಾನ ಮಾಡೋದು ಲೋಕಲ್ ರೈಲು. ನೀವು ಎಷ್ಟು ಗಂಟೆಗೆ, ಯಾವ ದಿಕ್ಕಿನ ಗಾಡಿ ಹತ್ತುತ್ತೀರಿ ಅನ್ನೋದು ಸರಿ ಇದ್ರೆ ಮಿಕ್ಕಿದ್ದೆಲ್ಲ ತಾನಾಗೇ ಅಗ್ಗ ಆಗುತ್ತೆ.

ಮ್ಯಾಪ್ ತೆಗೆದು ನೋಡಿ. ಮುಂಬೈ ಅನ್ನೋದು ದಕ್ಷಿಣದಿಂದ ಉತ್ತರಕ್ಕೆ ಉದ್ದಕ್ಕೆ ಚಾಚಿಕೊಂಡಿರೋ ಪಟ್ಟಿ. ದಕ್ಷಿಣದ ತುದಿಯಲ್ಲಿ ಚರ್ಚ್‌ಗೇಟ್, ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್), ಎರಡೂ ಲೋಕಲ್ ರೈಲಿನ ಕೊನೇ ಸ್ಟೇಷನ್ನು. ಹಳೇ ಆಫೀಸುಗಳೆಲ್ಲ ಆ ತುದಿಯಲ್ಲಿ, ಜನ ಇರೋದು ಮೇಲೆ ಉತ್ತರದಲ್ಲಿ. ಹಾಗಾಗಿ ಬೆಳಗ್ಗೆ ಎಂಟರಿಂದ ಹನ್ನೊಂದರ ತನಕ ದಕ್ಷಿಣಕ್ಕೆ ಬರೋ ಗಾಡಿಯಲ್ಲಿ ಉಸಿರಾಡೋಕೂ ಜಾಗ ಇರಲ್ಲ. ಸಂಜೆ ಐದೂವರೆಯಿಂದ ಎಂಟೂವರೆ ತನಕ ಉತ್ತರಕ್ಕೆ ಹೋಗೋ ಗಾಡಿಗೆ ಅದೇ ಗತಿ. ಈಗ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್, ಅಂಧೇರಿ ಕಡೆಯೂ ಆಫೀಸುಗಳು ಬಂದು ಲೆಕ್ಕ ಸ್ವಲ್ಪ ಕಲಸಿದೆ, ಆದ್ರೂ ಮೂಲ ಹರಿವು ಅದೇ. ಪ್ರವಾಸಿ ಮಾಡಬೇಕಾದ್ದು ಇದರ ಉಲ್ಟಾ. ಬೆಳಗ್ಗೆ ಉತ್ತರಕ್ಕೆ ಹೋಗಿ, ಮಧ್ಯಾಹ್ನ ದಕ್ಷಿಣಕ್ಕೆ ಇಳಿಯಿರಿ, ರಾತ್ರಿ ರಶ್ ಕರಗಿದ ಮೇಲೆ ರೂಮಿಗೆ ಬನ್ನಿ. ಸೆಕೆಂಡ್ ಕ್ಲಾಸಲ್ಲಿ ಕನಿಷ್ಠ ಟಿಕೆಟ್ 5 ರೂಪಾಯಿ. ಅದೇ 5 ರೂಪಾಯಿಗೆ ಒಬ್ಬ ಕಿಟಕಿ ಪಕ್ಕ ಕೂತು ಹೋಗ್ತಾನೆ, ಇನ್ನೊಬ್ಬ ಚಪ್ಪಲಿ ಕಳ್ಕೊಂಡು ಇಳೀತಾನೆ. ಕ್ಯಾಬ್‌ಗೆ ದುಡ್ಡು ಸುರಿಯೋದು ಸಾಮಾನ್ಯವಾಗಿ ಈ ಎರಡನೆಯವನೇ, ಮಾರನೇ ದಿನ.

ಇದೇ ಕಾರಣಕ್ಕೆ ಉಳಿಯೋಕೆ ನನ್ನ ಆಯ್ಕೆ ದಾದರ್ ಸುತ್ತಮುತ್ತ. ವೆಸ್ಟರ್ನ್, ಸೆಂಟ್ರಲ್ ಎರಡೂ ಲೈನು ಅಲ್ಲಿ ಸಿಗ್ತವೆ, ಸಣ್ಣ ಸ್ಟೇಷನ್ ಬಿಟ್ಟು ಓಡೋ ಫಾಸ್ಟ್ ಗಾಡಿಗಳೂ ನಿಲ್ತವೆ. ಕೊಲಾಬಾ ರೂಮು ದುಬಾರಿ ಅಂತ ಊರ ಹೊರಗಿನ ವಿರಾರ್‌ಗೋ ಪನವೇಲ್‌ಗೋ ಹೋಗಿ ಅಗ್ಗದ ರೂಮ್ ಹಿಡಿಯೋರನ್ನ ನೋಡಿದ್ದೀನಿ. ಬಾಡಿಗೆಯಲ್ಲಿ ಉಳಿದಿದ್ದು ದಿನಕ್ಕೆ ಮೂರು ಗಂಟೆ ನಿಂತು ಹೋಗೋದರಲ್ಲಿ ಕರಗಿಹೋಗುತ್ತೆ. ಒಬ್ಬರೇ ಹೋಗ್ತಿದ್ರೆ ಡಾರ್ಮಿಟರಿ ಸಾಕು. ಮುಂಬೈ ಸೆಂಟ್ರಲ್ ಸ್ಟೇಷನ್ನಲ್ಲಿ 2021ರಿಂದ ಪಾಡ್ ಹೋಟೆಲ್ ಇದೆ, ಗೂಡಿನೊಳಗೆ ಮಲಗಿದ ಹಾಗೆ. ಒಂದು ರಾತ್ರಿಗೆ ಅಡ್ಡಿಯಿಲ್ಲ, ಮೈ ಕೈ ದೊಡ್ಡದಿರೋರು ಯೋಚಿಸಿ.

ಊರಿಂದ ರೈಲಲ್ಲಿ ಬರೋರಿಗೆ ಮೊದಲ ಪರೀಕ್ಷೆ ಸ್ಟೇಷನ್ ಹೊರಗೇ ಕಾದಿರುತ್ತೆ. ಬೆಂಗಳೂರಿನ ಉದ್ಯಾನ್ ಎಕ್ಸ್‌ಪ್ರೆಸ್ ಸೀದಾ ಸಿಎಸ್‌ಎಂಟಿಗೆ ಹೋಗುತ್ತೆ, ದಾದರ್‌ನಲ್ಲೂ ಇಳೀಬಹುದು. ಮಂಗಳೂರಿನ ಮತ್ಸ್ಯಗಂಧ ಬಿಡೋದು ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಲ್ಲಿ. ಅಲ್ಲಿ ಬೆಳಬೆಳಗ್ಗೆ ನಿದ್ದೆಗಣ್ಣಲ್ಲಿ ಬ್ಯಾಗ್ ಹಿಡಿದು ಹೊರಗೆ ಬಂದ ಕೂಡಲೇ "ಕಿಧರ್ ಜಾನಾ ಹೈ" ಅಂತ ನಾಲ್ಕು ಜನ ಸುತ್ಕೋತಾರೆ. ಅವರ ರೇಟಿಗೂ ಮೀಟರಿಗೂ ಸಂಬಂಧವೇ ಇರಲ್ಲ. ತಲೆ ತಗ್ಗಿಸಿ ನಡೀರಿ, ಹಾರ್ಬರ್ ಲೈನಿನ ತಿಲಕ್ ನಗರ ಸ್ಟೇಷನ್ ನಡೆದು ಹೋಗೋ ದೂರದಲ್ಲೇ ಇದೆ. ವಿಮಾನದಲ್ಲಿ ಬರೋರಿಗೆ ಈಗ ಇನ್ನೂ ಸುಲಭ. ನೆಲದಡಿಯ ಮೆಟ್ರೋ 3, ಅಕ್ವಾ ಲೈನ್, 2025ರ ಅಕ್ಟೋಬರಿಂದ ಆರೇಯಿಂದ ಕಫ್ ಪರೇಡ್ ತನಕ ಪೂರ್ತಿ ಓಡ್ತಿದೆ. ಟರ್ಮಿನಲ್ 1, ಟರ್ಮಿನಲ್ 2 ಎರಡಕ್ಕೂ ಅದರದ್ದೇ ಸ್ಟೇಷನ್ ಇದೆ. ಇಷ್ಟಾದ ಮೇಲೂ ಹೆಗಲಿಗೆ ಒಂದೇ ಬ್ಯಾಗ್ ಇಟ್ಕೊಂಡು ಏರ್‌ಪೋರ್ಟ್ ಟ್ಯಾಕ್ಸಿ ಕ್ಯೂನಲ್ಲಿ ನಿಲ್ಲೋರನ್ನ ನೋಡಿದ್ರೆ ನಂಗೆ ನಿಜವಾಗ್ಲೂ ಅರ್ಥ ಆಗಲ್ಲ.

ಸರಿ, ಬೆಳಗ್ಗೆ ಉತ್ತರಕ್ಕೆ ಹೋಗಿ ಅಂದೆನಲ್ಲ, ಅಲ್ಲೇನಿದೆ? ಕನ್ಹೇರಿ ಇದೆ. ಬೋರಿವಲಿಯಲ್ಲಿ ಇಳಿದ್ರೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ, ಅದರೊಳಗೆ ಕಾಡಿನ ಮಧ್ಯೆ ಕಪ್ಪು ಬಸಾಲ್ಟ್ ಗುಡ್ಡ, ಅದರಲ್ಲಿ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳು. ಎಲ್ಲರೂ ಎಲಿಫೆಂಟಾ ಎಲಿಫೆಂಟಾ ಅಂತಾರೆ, ದ್ವೀಪದಲ್ಲಿರೋ ಗುಹೆಗಳು ಅವು. ಅಲ್ಲಿನ ಮೂರು ಮುಖದ ಶಿವ, ಆ ತ್ರಿಮೂರ್ತಿ ಮುಂದೆ ನಿಂತ್ರೆ ಮಾತು ನಿಲ್ಲುತ್ತೆ, ನಾನು ಇಲ್ಲ ಅನ್ನಲ್ಲ. ಆದ್ರೆ ದೋಣಿ ಟಿಕೆಟ್, ಕ್ಯೂ, ಮೆಟ್ಟಿಲುದ್ದಕ್ಕೂ ಅಂಗಡಿ ಸಾಲು ಎಲ್ಲ ಸೇರಿ ದಿನವನ್ನೂ ದುಡ್ಡನ್ನೂ ಹೆಚ್ಚೇ ಕೇಳುತ್ತೆ. ಬಜೆಟ್ ಬಿಗಿ ಇದ್ದು ಎರಡರಲ್ಲಿ ಒಂದೇ ಅಂದ್ರೆ ನನ್ನ ಓಟು ಕನ್ಹೇರಿಗೆ. ಮೂರನೇ ಗುಹೆಯ ದೊಡ್ಡ ಬುದ್ಧನನ್ನ ಎಲ್ಲರೂ ಫೋಟೋ ಹೊಡೀತಾರೆ, ನೀವು ಸ್ವಲ್ಪ ಮೇಲೆ ಹತ್ತಿ ಭಿಕ್ಷುಗಳ ಕೋಣೆ ನೋಡಿ. ಬಾಗಿಲ ಪಕ್ಕದಲ್ಲೇ ಬಂಡೆ ಕೊರೆದು ಮಾಡಿದ ನೀರಿನ ತೊಟ್ಟಿ, ಮಳೆನೀರು ಅದಕ್ಕೆ ಹರಿದು ಬರೋ ಹಾಗೆ ಕಲ್ಲಲ್ಲೇ ಕಡೆದ ಸಣ್ಣ ಕಾಲುವೆ, ಒಳಗೆ ಮಲಗೋಕೆ ಕಲ್ಲಿನ ಜಗಲಿ. ಮೈಮೇಲಿನ ಬಟ್ಟೆ ಬಿಟ್ರೆ ಭಿಕ್ಷು ತರಬೇಕಾದ್ದು ಹೆಚ್ಚೇನೂ ಇರಲಿಲ್ಲ. ಇನ್ನೊಂದು ವಿಷಯ, ಒಂಬತ್ತನೇ ಶತಮಾನದ ಇಲ್ಲಿನ ಶಾಸನಗಳಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಹೆಸರಿದೆ. ನಮ್ಮ ಮಳಖೇಡದ ನೃಪತುಂಗನೇ. ಅಂದ್ರೆ ಕೊಂಕಣದ ಈ ಗುಡ್ಡ ಆಗ ಅವನ ಸಾಮ್ರಾಜ್ಯದೊಳಗೇ ಇತ್ತು. ಮಳೆಗಾಲದಲ್ಲಿ ಕನ್ಹೇರಿ ಇನ್ನೂ ಚೆಂದ, ಕಾಲು ಮಾತ್ರ ಜಾರುತ್ತೆ, ಜೋರು ಮಳೆ ಬಂದ ದಿನ ಲೋಕಲ್ಲೇ ನಿಂತುಬಿಡಬಹುದು. ಮತ್ತೆ ಸೋಮವಾರ ಬೇಡ. ಉದ್ಯಾನವೂ ರಜೆ, ಎಲಿಫೆಂಟಾನೂ ರಜೆ.

ಊಟಕ್ಕೆ ಮಾಟುಂಗ. ಪೂರ್ವದ ಮಾಟುಂಗ, ಸೆಂಟ್ರಲ್ ಲೈನಿಂದು. ವೆಸ್ಟರ್ನ್ ಲೈನಲ್ಲಿ ಮಾಟುಂಗ ರೋಡ್ ಅಂತ ಬೇರೆ ಸ್ಟೇಷನ್ ಇದೆ, ಹಸಿದಾಗ ಅಲ್ಲಿಳಿದ್ರೆ ಬೈಕೋತೀರಿ. ಸ್ಟೇಷನ್ ಪಕ್ಕದಲ್ಲೇ ಮಾರ್ಕೆಟ್ ಕಟ್ಟಡದ ಮೇಲೆ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, 1942ರಿಂದ ಇದೆ. ಬಾಳೆಲೆ, ಸಾರು, ಪಲ್ಯ, ಮಜ್ಜಿಗೆ. ಬೆಳಗ್ಗೆಯಾದ್ರೆ ಕೆಫೆ ಮದ್ರಾಸ್. ಹೆಸರು ಮದ್ರಾಸು, ನಡೆಸೋರು ಕಾಮತರು. ಭಾನುವಾರ ಅಲ್ಲಿ ಹೋಗೋದಾದ್ರೆ ಕಾಯೋಕೆ ತಯಾರಾಗಿ ಹೋಗಿ. ನಾನು ಊರಾಭಿಮಾನಕ್ಕೆ ಹೇಳ್ತಿಲ್ಲ. ಮಧ್ಯಾಹ್ನ ಹೊಟ್ಟೆತುಂಬ ಅನ್ನ ಉಂಡವನು ಸಂಜೆ ಸಿಕ್ಕಸಿಕ್ಕಲ್ಲಿ ಇನ್ನೂರು ರೂಪಾಯಿ ಸ್ಯಾಂಡ್‌ವಿಚ್‌ಗೆ ಕೈ ಹಾಕಲ್ಲ. ವಡಾಪಾವ್ ತಿನ್ನಿ, ಖಂಡಿತ ತಿನ್ನಿ, ತಿಂಡಿ ಹೊತ್ತಿಗೆ ತಿನ್ನಿ. ಅದನ್ನೇ ಊಟ ಮಾಡ್ಕೋಬೇಡಿ.

ಉಂಡ ಮೇಲೆ ದಕ್ಷಿಣ. ಆಗ ಗಾಡಿಗಳು ಸ್ವಲ್ಪ ಖಾಲಿ. ಸಿಎಸ್‌ಎಂಟಿ ಕಟ್ಟಡ ನೋಡೋಕೆ ಟಿಕೆಟ್ ಬೇಕಿಲ್ಲ, ರಸ್ತೆಯ ಆಚೆ ಬದಿಗೆ ನಿಂತು ಕತ್ತೆತ್ತಿದ್ರೆ ಸಾಕು. 2004ರಿಂದ ವಿಶ್ವ ಪರಂಪರೆಯ ತಾಣ. ಅಲ್ಲಿಂದ ಬೆಸ್ಟ್‌ನವರ (ಮುಂಬೈ ಸಿಟಿ ಬಸ್ ಸಂಸ್ಥೆ) ಎಲೆಕ್ಟ್ರಿಕ್ ಡಬಲ್ ಡೆಕ್ಕರ್, ಎ-115, ನಾರಿಮನ್ ಪಾಯಿಂಟ್ ಕಡೆ ಹೋಗುತ್ತೆ. ಎಸಿ ಬಸ್ಸಿನ ಕನಿಷ್ಠ ದರ 12 ರೂಪಾಯಿ. ಮಹಡಿಯಲ್ಲಿ ಮುಂದಿನ ಸೀಟು ಸಿಕ್ತು ಅಂದ್ರೆ ಸಾವಿರಾರು ರೂಪಾಯಿಯ "ಮುಂಬೈ ದರ್ಶನ" ಪ್ಯಾಕೇಜು ಯಾಕೆ ಬೇಕು? ಆ ಪ್ಯಾಕೇಜ್ ಬಸ್ಸುಗಳ ಮೇಲೆ ನಂಗೆ ಸಿಟ್ಟಿದೆ, ಮುಚ್ಚಿಡಲ್ಲ. ಯಾವನೋ ನಟನ ಮನೆ ಗೇಟ್ ತೋರಿಸೋಕೆ ಬಾಂದ್ರಾ ತನಕ ಕರ್ಕೊಂಡು ಹೋಗ್ತಾರೆ. ಗೇಟ್ ನೋಡೋಕೆ ಮುಂಬೈಗೆ ಹೋಗಬೇಕಾ? ಅದರ ಬದಲು ಗಾಮ್‌ದೇವಿಯ ಮಣಿ ಭವನಕ್ಕೆ ಹೋಗಿ. 1917ರಿಂದ 1934ರ ತನಕ ಗಾಂಧೀಜಿ ಮುಂಬೈಗೆ ಬಂದಾಗೆಲ್ಲ ಇರ್ತಿದ್ದ ಮನೆ. ಸಂಜೆ ಮರೀನ್ ಡ್ರೈವ್ ಕಟ್ಟೆ ಮೇಲೆ ಕೂತುಬಿಡಿ. ಆರು ಗಂಟೆಗೇ "ನಡೀರಿ ರೂಮಿಗೆ" ಅಂತ ಎದ್ರೋ, ಚರ್ಚ್‌ಗೇಟ್‌ನಲ್ಲಿ ನಿಮಗೆ ಗ್ರಹಚಾರ. ಊಟ ಅಲ್ಲೇ ಮುಗಿಸಿ ಒಂಬತ್ತರ ಮೇಲೆ ಹೊರಡಿ.

ಲೋಕಲ್ ಬಗ್ಗೆ ಎರಡು ಎಚ್ಚರಿಕೆ. ಹತ್ತೋ ಮುಂಚೆ ಡಬ್ಬಿ ಮೇಲೆ ಬರೆದಿರೋದು ಓದಿ. ಗಡಿಬಿಡಿಯಲ್ಲಿ ಫಸ್ಟ್ ಕ್ಲಾಸಿಗೆ ಹತ್ತಿ ಟಿಸಿ ಕೈಗೆ ಸಿಕ್ರೆ ಕನಿಷ್ಠ 250 ರೂಪಾಯಿ ದಂಡ, ನಿಮ್ಮ ಆ ದಿನದ ಉಳಿತಾಯವೆಲ್ಲ ಅಲ್ಲಿಗೆ ಹೋಯ್ತು. ಇನ್ನೊಂದು, ದಾದರ್‌ಗೆ ಅಂತ ರಶ್ಶಿನ ಹೊತ್ತಲ್ಲಿ ವಿರಾರ್ ಫಾಸ್ಟ್ ಹತ್ತಬೇಡಿ. ಹತ್ತಿರದೂರಿನವರು ಅದನ್ನ ಹತ್ತಿದ್ರೆ ದೂರದವರಿಗೆ ಆಗಿಬರಲ್ಲ, ಇಳಿಯೋಕೂ ಜಾಗ ಬಿಡಲ್ಲ. ಅವರದ್ದೂ ತಪ್ಪಲ್ಲ, ಅದು ಅವರ ದಿನಾ ಪಾಡು.

"ಅದೆಲ್ಲ ಸರಿ, ನಮ್ಮ ಜೊತೆ ಅಪ್ಪ ಅಮ್ಮ ಬರ್ತಾರೆ, ಮಂಡಿ ನೋವು" ಅಂತ ಕೇಳೋರಿಗೆ ನಾನು ಬೇರೆ ಲೆಕ್ಕ ಹೇಳ್ತೀನಿ. ಲೋಕಲ್ ಪೂರ್ತಿ ಬಿಡಬೇಡಿ, ಹನ್ನೊಂದರಿಂದ ನಾಲ್ಕರೊಳಗೆ ಎಸಿ ಲೋಕಲ್ ನೋಡ್ಕೊಳ್ಳಿ. ಲಿಫ್ಟು, ಎಸ್ಕಲೇಟರ್ ಬೇಕೇಬೇಕು ಅಂದ್ರೆ ಮೆಟ್ರೋ. ಕನ್ಹೇರಿ ಮೆಟ್ಟಿಲು ಅವರಿಗೆ ಬೇಡ. ದಕ್ಷಿಣ ಮುಂಬೈಯಲ್ಲಿ ಆಟೋ ಇಲ್ಲ, ಬಾಂದ್ರಾ, ಸಯನ್ ದಾಟಿ ಕೆಳಗೆ ಬರೋಕೆ ಅವಕ್ಕೆ ಪರ್ಮಿಟ್ಟೇ ಇಲ್ಲ. ಅಲ್ಲಿ ಕಪ್ಪು-ಹಳದಿ ಟ್ಯಾಕ್ಸಿ ಹಿಡೀರಿ. 2025ರಲ್ಲಿ ಏರಿಸಿದ ಮೇಲೆ ಕನಿಷ್ಠ ದರ 31 ರೂಪಾಯಿ. ನಾಲ್ಕು ಜನ ಹಂಚಿಕೊಂಡ್ರೆ ತಲಾ ಎಂಟು ರೂಪಾಯಿ ಆಗಲ್ಲ, ಮೀಟರ್ ಹಾಕಿಸಿಕೊಂಡು ಆರಾಮಾಗಿ ಕೂತ್ಕೊಳ್ಳಿ.